ದಾಂಪತ್ಯದಲ್ಲಿ ಅಪಹಾಸ್ಯ: ಸ್ವಲೀನರ ಮಾನದ ಪ್ರಶ್ನೆ

ದಾಂಪತ್ಯವು ಇಬ್ಬರ ಸಮಾನ ಹೊಣೆಯೆಂಬುದನ್ನು ಹನ್ನೆರಡನೆಯ ಶತಮಾನದ ಶರಣರು ಬಾಳಿ ತೋರಿಸಿದರು. ಆಯ್ದಕ್ಕಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ಅಲ್ಲಿಯೇ ಸುರಿದು ಬರುವಂತೆ ನೇರವಾಗಿ ಹೇಳಿದ ಪ್ರಸಂಗ ನಮ್ಮೆಲ್ಲರಿಗೂ ಪರಿಚಿತ. ಅಲ್ಲಿ ತಿದ್ದುವಿಕೆಯುಂಟು, ಹೀಯಾಳಿಕೆಯಿಲ್ಲ. ಈ ಭೇದವನ್ನು ಮರೆತ ಮನೆಗಳಲ್ಲಿ ಬಹುವಾಗಿ ನೋಯುವವರನ್ನು ಕುರಿತು ಇಲ್ಲಿ ಕೆಲವು ಮಾತು.

ಸ್ವಲೀನತೆ, ಅಂದರೆ ಆಟಿಸಂ, ಎಂಬ ಸ್ಥಿತಿಯನ್ನು 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ಕುರಿತು ವಿವರಿಸಿದರು. ಇದು ಮಕ್ಕಳಿಗೆ ಮಾತ್ರ ಸಂಬಂಧಿಸಿದುದೆಂಬ ಭಾವನೆ ಬಹುಕಾಲ ಉಳಿಯಿತು. ಆದರೆ ಅಂಥ ಮಕ್ಕಳೂ ಬೆಳೆದು, ಉದ್ಯೋಗ ಹಿಡಿದು, ಗೃಹಸ್ಥರಾಗುತ್ತಾರೆ. ಹಲವರಿಗೆ ತಮ್ಮ ಸ್ವಭಾವದ ಹೆಸರು ನಡುವಯಸ್ಸಿನವರೆಗೂ ತಿಳಿದಿರುವುದಿಲ್ಲ. ಆಡಿದ ಮಾತನ್ನು ಅಕ್ಷರಶಃ ಗ್ರಹಿಸುವುದು, ಕಣ್ಣಿಟ್ಟು ನೋಡಿ ಮಾತಾಡಲು ಕಷ್ಟಪಡುವುದು, ಗದ್ದಲದಿಂದ ಬಳಲುವುದು, ದಿನಚರಿ ಬದಲಾದರೆ ಕಳವಳಗೊಳ್ಳುವುದು ಅವರಲ್ಲಿ ಸಾಮಾನ್ಯ. ಇದನ್ನು ಅಹಂಕಾರವೆಂದೋ ಪ್ರೀತಿಯ ಕೊರತೆಯೆಂದೋ ಬಗೆಯಲಾಗದು.

ಇಂಥವರನ್ನು ಪತಿಯೋ ಪತ್ನಿಯೋ ಬೀಗರ ಮುಂದೆ ಅಣಕಿಸಿ ನಗಿಸುವುದುಂಟು. ನೊಂದು ಕೇಳಿದರೆ, ‘ತಮಾಷೆಯೂ ತಿಳಿಯದೇ?’ ಎಂದು ಮತ್ತೊಂದು ನಗೆ. ವ್ಯಂಗ್ಯವನ್ನು ತಡವಾಗಿ ಅರಿಯುವವರು ಕಡೆಗೆ ತಮ್ಮ ಗ್ರಹಿಕೆಯನ್ನೇ ಶಂಕಿಸತೊಡಗುತ್ತಾರೆ. ಹಿರಿಯರ ಉಪದೇಶವೂ ಅವರಿಗೇ: ‘ಹೊಂದಿಕೊಂಡು ಹೋಗು.’ ಬಾಲ್ಯದಿಂದ ಹೊಂದಿಕೊಂಡೇ ದಣಿದವರಿಗೆ ಈ ಉಪದೇಶ ಅನ್ಯಾಯವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸಂಗಾತಿಯ ಬೇಸರವೂ ನಿಜವಿರಬಹುದು. ಬೇಸರವನ್ನು ಹೇಳಿಕೊಳ್ಳಲು ಹಂಗಿಸಬೇಕಾಗಿಲ್ಲ. ಸ್ವತಃ ಸ್ವಲೀನರಾದ ಬ್ರಿಟಿಷ್ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿ ಪ್ರತಿಪಾದಿಸಿದಂತೆ, ಪರಸ್ಪರ ಅರಿಯದಿರುವಿಕೆ ಇಬ್ಬದಿಯದು.

ಹಾಗಾದರೆ ನೊಂದವರು ಮಾಡಬೇಕಾದುದೇನು? ನಗೆಯ ಕ್ಷಣದಲ್ಲಿ ವಾದಕ್ಕಿಳಿಯದೆ, ಮನಸ್ಸು ಶಾಂತವಾದ ಮೇಲೆ, ಯಾವ ಮಾತು, ಯಾರ ಮುಂದೆ, ಏಕೆ ನೋಯಿಸಿತೆಂದು ತಿಳಿಸಬೇಕು. ಬಾಯಿಮಾತು ತೊಡರಿದರೆ ಬರೆದು ಕೊಡಬೇಕು. ಅರಿಯದೆ ನೋಯಿಸಿದ ಸಂಗಾತಿ ಅಲ್ಲಿಗೆ ನಿಲ್ಲಿಸುತ್ತಾರೆ. ಅರಿತೂ ಮುಂದುವರಿಸಿದರೆ ಅದನ್ನು ಹಾಸ್ಯವೆನ್ನಲಾಗದು. ಆಗ ಇಬ್ಬರ ಮಾತನ್ನೂ ಸಮನಾಗಿ ಕೇಳುವ ಹಿರಿಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬೇಕು. ಮನೆಯ ಹೆಣ್ಣುಮಗಳನ್ನು ಅವಮಾನಿಸುವುದನ್ನೂ ಅಪಹಾಸ್ಯ ಮಾಡುವುದನ್ನೂ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯು ದೌರ್ಜನ್ಯವೆಂದೇ ಎಣಿಸಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಸ್ವಲೀನತೆಯನ್ನು ತನ್ನ 21 ವೈಕಲ್ಯಗಳಲ್ಲಿ ಸೇರಿಸಿ, ಅಂಥವರನ್ನು ಸಾರ್ವಜನಿಕರ ಕಣ್ಣೆದುರು ಉದ್ದೇಶಪೂರ್ವಕವಾಗಿ ಅವಮಾನಿಸುವುದನ್ನು ಶಿಕ್ಷಾರ್ಹವೆಂದಿದೆ. ಗಂಡಸರಿಗೂ ಈ ರಕ್ಷಣೆಯುಂಟು. ಇಷ್ಟಾದರೂ ನೋವು ನಿಲ್ಲದಿದ್ದರೆ ದೂರವಿರುವುದೂ ಅಧರ್ಮವಾಗದು.

ಈ ವಿಷಯ ವಿದ್ಯಾಸಂಸ್ಥೆಗೂ ಸೇರಿದುದು. ‘ವಿಚಿತ್ರ’ ವಿದ್ಯಾರ್ಥಿಯ ಅಡ್ಡಹೆಸರಿಗೆ ಗುರುಗಳೇ ನಕ್ಕರೆ, ಅಣಕಿಸಿದ ಮಕ್ಕಳು ಆ ರೂಢಿಯನ್ನು ನಾಳಿನ ಸಂಸಾರಕ್ಕೂ ಒಯ್ಯುತ್ತಾರೆ. ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಕಟ್ಟಡ ನಿಧಿಯೊಡನೆ ಆಪ್ತಸಮಾಲೋಚಕರೊಬ್ಬರ ವೇತನಕ್ಕೂ ಕೈಜೋಡಿಸಲಿ. ಅಧ್ಯಾಪಕ ಬಂಧುಗಳು ತರಗತಿಯಲ್ಲಿಯೂ ಪ್ರಸಾದನಿಲಯದ ಪಂಕ್ತಿಯಲ್ಲಿಯೂ ಮೊದಲ ಅಣಕವನ್ನೇ ತಡೆಯಲಿ ಎಂಬುದು ನನ್ನ ವಿನಮ್ರ ಪ್ರಾರ್ಥನೆ.