ಬಡಸಾಕಿ ತಾಟಿನ್ಯಾಗ ಕಾಳೆಷ್ಟು?

ಹೋದ ತಿಂಗಳ ನಮ್ಮ ಸೊಸಿ ಪ್ರೋಟೀನ್ ಪೌಡರಿನ ಡಬ್ಬಿ ತರಿಸಿದ್ಲು. "ಅತ್ಯಾ, ನಾವು ಶಾಕಾಹಾರಿಗಳು, ನಮಗ ಪ್ರೋಟೀನ್ ಸಾಲಂಗಿಲ್ಲ. ದಿನಾ ಹಾಲಿನ್ಯಾಗ ಹಾಕ್ಕೊಂಡು ಕುಡೀರಿ" ಅಂದ್ಲು. ರೇಟ್ ನೋಡಿ ನನ್ನ ಎದಿ ಧಸಕ್ ಅಂತು. ಆ ರೊಕ್ಕದಾಗ ಮನಿಗೆ ಎರಡು ತಿಂಗಳ ಕಾಳು ಬರ್ತಿದ್ದುವು.

ಆದ್ರ ಆಕಿ ಮಾತು ಪೂರಾ ಸುಳ್ಳಲ್ಲ. ನನಗ ಕೂತ್ರ ಏಳಲಿಕ್ಕೆ ಆಗವಲ್ತು, ಮೆಟ್ಟಲ ಹತ್ತಿದ್ರ ತೊಡಿ ನಡಗ್ತಾವ. ಡಾಕ್ಟರ್ ಬಾಯಿ "ನಿನ್ನೆ ಏನು ಉಂಡ್ರಿ?" ಅಂತ ಕೇಳಿದ್ರು. ನಾ ದಿಮಾಕಿಲೆ ಹೇಳಿದೆ: ಜ್ವಾಳದ ರೊಟ್ಟಿ, ಹೆಸರುಕಾಳ ಪಲ್ಯಾ, ಬ್ಯಾಳಿ ಸಾರು, ಶೇಂಗಾ ಹಿಂಡಿ, ಮೊಸರು. "ಅದು ಮನ್ಯಾಗ ಮಾಡಿದ್ದಾತು. ನಿಮ್ಮ ತಾಟಿನ್ಯಾಗ ಏನು ಬಿತ್ತು?" ಅಂದ್ರು. ನಾ ಸುಮ್ಮನಾದೆ.

ಬಿದ್ದದ್ದು ಎರಡು ರೊಟ್ಟಿ, ಬೋಗಾಣಿ ತಳದ ಒಂದು ಚಮಚ ಪಲ್ಯಾ, ಮ್ಯಾಲಿನ ತಿಳಿಸಾರು. ಕಾಳು ನಮ್ಮನಿಯವರಿಗೆ, ಮಗಗ. ಮೊಸರು ಮೊಮ್ಮಗಗ. ನನಗ ನೀರಮಜ್ಜಗಿ.

ಪಿಯುಸಿ ಕಲ್ತಾಕಿ ನಾನು, ಲೆಕ್ಕಾ ಹಾಕಲಿಕ್ಕೆ ಕೂತೆ. 55 ಕಿಲೋ ತೂಕದ ಹೆಣಮಗಳಿಗೆ ದಿನಕ್ಕ ಸುಮಾರು 46 ಗ್ರಾಂ ಪ್ರೋಟೀನ್ ಬೇಕು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಾಗ ಹೇಳ್ಯದ. 150 ಗ್ರಾಂ ಜ್ವಾಳದ ಹಿಟ್ಟಿನ ರೊಟ್ಟಿಯೊಳಗ 15 ಗ್ರಾಂ. 50 ಗ್ರಾಂ ಒಣ ಹೆಸರುಕಾಳಿನಾಗ 11. 25 ಗ್ರಾಂ ತೊಗರಿಬ್ಯಾಳ್ಯಾಗ 5. ಅಷ್ಟೇ ಶೇಂಗಾದಾಗ 6. 200 ಗ್ರಾಂ ಮೊಸರಿನ್ಯಾಗ 6. ಚಹಾಕ್ಕ ಹಾಕೋ 100 ಮಿಲಿ ಹಾಲಿನ್ಯಾಗ 3. ಕೂಡಿಸಿ ನೋಡ್ರಿ, 46 ಆತು! ಜ್ವಾಳದಾಗ ಲೈಸಿನ್ ಅನ್ನೋದು ಕಡಿಮಿ, ಕಾಳಿನ್ಯಾಗ ಅದು ಬೇಕಾದಷ್ಟು ಅದ. ರೊಟ್ಟಿ ಜೋಡಿ ಕಾಳು ಉಂಡ್ರ ಒಂದರ ಕೊರತಿ ಇನ್ನೊಂದು ತುಂಬತದ. ನಮ್ಮ ಹಿರ್ಯಾರಿಗೆ ಲೈಸಿನ್ ಗೊತ್ತಿರಲಿಲ್ಲ, ಜೋಡಿ ಮಾತ್ರ ಸರಿಯಾಗಿ ಹಾಕಿಟ್ಟಾರ.

ಅದಕ್ಕ ನಾ ಹೇಳೂದು, ಕೊರತಿ ಶಾಕಾಹಾರದಾಗಿಲ್ಲ, ಹಂಚಿಕ್ಯಾಗ ಅದ. "ಊಟ ಬಲ್ಲವನಿಗೆ ರೋಗವಿಲ್ಲ" ಅಂತಾರ. ಬಡಸಾಕಿ ಏನು ಉಂಡ್ಲು ಅಂತ ಯಾರೂ ಕೇಳಂಗಿಲ್ಲ. ಕೇಳ್ಲಿ ಅಂತ ನಾವೂ ಹಾದಿ ಕಾಯಬಾರದು.

"ಅವರು ಉಂಡ್ರ ನಮ್ಮ ಹೊಟ್ಟಿ ತುಂಬತದ" ಅಂತ ಬಾಜೂಮನಿ ವೈನಿ ಅಂತಾರ. ವೈನಿ, ಹೊಟ್ಟಿ ತುಂಬಬಹುದು, ಮೊಣಕಾಲಿಗೆ ಶಕ್ತಿ ಬರಂಗಿಲ್ಲರೀ.

ಈಗ ರಾತ್ರಿ ಎರಡು ಮುಷ್ಟಿ ಕಾಳು ಹೆಚ್ಚಿಗೆ ನೆನಿ ಹಾಕತೀನಿ. ಪಲ್ಯಾ ಆದಕೂಡ್ಲೆ, ಯಾರನ್ನೂ ಊಟಕ್ಕ ಕರೆಯೋಕಿಂತ ಮೊದಲ, ಎರಡು ಬಟ್ಟಲ ತುಂಬಿ ಬಾಜೂಕ ಇಡತೀನಿ. ಒಂದು ನಂದು. ಇನ್ನೊಂದು ಸೊಸೀದು. ಡಬ್ಬಿ ತರಿಸಿದಾಕಿನೂ ದಿನಾ ನನ್ನ ಜೋಡಿ ಕಡೀಕೇ ಉಣತಿದ್ಲು, ನನಗ ಅದು ಇಷ್ಟು ದಿನ ಕಂಡೇ ಇರಲಿಲ್ಲ.

ಕಿಡ್ನಿ ತ್ರಾಸ ಇದ್ದವರು ಡಾಕ್ಟರನ್ನ ಕೇಳಿ ಉಣ್ಣರಿ. ಉಳಿದವರು ಇವತ್ತು ನಿಮ್ಮ ಬಟ್ಟಲ ಮೊದಲ ತಗದಿಡ್ರಿ.