ವಾರ್ಡಿನಲ್ಲಿ ಯಾರ ಕಾವಲು?

ಖಾನಾಪುರ ತಾಲೂಕಿನ ಜಾಂಬೋಟಿ, ಕಣಕುಂಬಿ, ಲೋಂಡಾ ಕಡೆಯ ಕಾಡಂಚಿನ ಹಳ್ಳಿಯೊಂದರಲ್ಲಿ ಬಾಳಿನ ಭಾರವನ್ನು ತಾಳಲಾರದೆ ಪ್ರಾಣತ್ಯಾಗಕ್ಕೆ ಯತ್ನಿಸಿದವನನ್ನು ಮನೆಯವರು ಮೊದಲು ತಾಲೂಕು ಆಸ್ಪತ್ರೆಗೂ, ಅಲ್ಲಿಂದ ಸುಮಾರು 25 ಕಿಲೋಮೀಟರ್ ದೂರದ ಬೆಳಗಾವಿಗೂ ಸಾಗಿಸಿ, ವೈದ್ಯರು ಅವನ ಜೀವವನ್ನು ಉಳಿಸಿ, ಮೂರನೆಯ ದಿನ ಐಸಿಯುವಿನಿಂದ ಸಾಮಾನ್ಯ ವಾರ್ಡಿಗೆ ಕಳುಹಿಸಿದರೆಂದು ಭಾವಿಸೋಣ. ದೇಹದ ಚಿಕಿತ್ಸೆ ಇಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ಯಾವ ದುಃಖವು ಅವನನ್ನು ಇಲ್ಲಿಗೆ ತಂದಿತೋ ಅದು ಮಾತ್ರ ಅವನೊಡನೆಯೇ ಮಂಚವನ್ನೇರಿ ಮಲಗಿರುತ್ತದೆ. ಆ ರಾತ್ರಿ ಅವನನ್ನು ಕಾಯತಕ್ಕವರು ಯಾರು?

ನಮ್ಮ ಆಸ್ಪತ್ರೆಗಳಲ್ಲಿ ಈ ಪ್ರಶ್ನೆಗೆ ದೊರೆಯುವ ಉತ್ತರ ಒಂದೇ: ‘ಪೇಷಂಟ್ ಕಡೆಯವರು.’ ಎರಡು ರಾತ್ರಿಗಳ ನಿದ್ದೆಗೆಟ್ಟ ಹೆಂಡತಿಯೋ ಅಣ್ಣನೋ ಔಷಧದ ಅಂಗಡಿಗೆ ಓಡಬೇಕು, ರಕ್ತದ ವರದಿಯನ್ನು ತರಬೇಕು, ಬಿಲ್ಲಿನ ಸಾಲಿನಲ್ಲಿ ನಿಲ್ಲಬೇಕು, ವೈದ್ಯರು ರೌಂಡ್ಸಿಗೆ ಬಂದಾಗ ಹೊರಗೆ ಹೋಗಬೇಕು. ಇವೆಲ್ಲದರ ನಡುವೆ ಕಣ್ಣು ಮಿಟುಕಿಸದೆ ರೋಗಿಯನ್ನೂ ಕಾಯಬೇಕು. ‘ಇವರ ಮೇಲೆ ಸ್ವಲ್ಪ ಗಮನ ಇರಲಿ’ ಎಂಬ ಒಂದು ವಾಕ್ಯವೇ ಅವರಿಗೆ ದೊರೆತ ಶಿಕ್ಷಣ. ಇಡೀ ವಾರ್ಡಿನ ಹೊಣೆಯನ್ನು ಹೊತ್ತು ರಾತ್ರಿಯಿಡೀ ನಡೆದಾಡುವ ಸಿಸ್ಟರನ್ನು ನಾನು ದೂಷಿಸಲಾರೆ. ಆದರೆ ಸಂಸ್ಥೆಯೊಂದು ತಾನು ವಹಿಸಿಕೊಳ್ಳಬೇಕಾದ ಕರ್ತವ್ಯವನ್ನು ದಣಿದ ಬಂಧುವಿನ ಎಚ್ಚರಕ್ಕೆ ಒಪ್ಪಿಸಿ ನಿಶ್ಚಿಂತವಾಗಿರುವುದು ನ್ಯಾಯವಲ್ಲ.

ಅಪಾಯದಲ್ಲಿರತಕ್ಕವರು ಆತ್ಮಹತ್ಯಾ ಯತ್ನದ ಬಳಿಕ ದಾಖಲಾದವರು ಮಾತ್ರವೂ ಅಲ್ಲ. ಅರ್ಬುದವೆಂಬ ಮಾತನ್ನು ಅಂದೇ ಕೇಳಿದವನು, ವರ್ಷಗಟ್ಟಲೆ ನೋವನ್ನುಂಡವನು, ಮದ್ಯವು ಒಮ್ಮೆಲೆ ನಿಂತು ಮತಿಭ್ರಮೆಗೊಳಗಾದವನು, ಹೆರಿಗೆಯಾದೊಡನೆ ವಿಷಾದದಲ್ಲಿ ಮುಳುಗಿದ ತಾಯಿ, ಇವರೆಲ್ಲರೂ ಶಸ್ತ್ರಚಿಕಿತ್ಸೆಯ, ಪ್ರಸೂತಿಯ, ಮೆಡಿಸಿನ್ನಿನ ವಾರ್ಡುಗಳಲ್ಲಿ ಬೇರೆ ಬೇರೆ ಹೆಸರಿನ ಕಾಯಿಲೆಗಳಡಿ ಮಲಗಿದ್ದಾರೆ. ಇವರಲ್ಲಿ ಯಾರ ಮನಸ್ಸು ಕತ್ತಲೆಯತ್ತ ಸರಿದಿದೆಯೆಂಬುದನ್ನು ಕೇಳದೆ ತಿಳಿಯಲಾಗದು. ಕೇಳಿದರೆ ಇಲ್ಲದ ಯೋಚನೆಯನ್ನು ಬಿತ್ತಿದಂತಾಗುವುದೆಂಬ ಭೀತಿ ವೈದ್ಯರಲ್ಲೂ ಉಂಟು, ಅದು ನಿರಾಧಾರವಾದುದು. ಮೃದುವಾಗಿ, ಆದರೆ ನೇರವಾಗಿ ಕೇಳಿದಾಗ ಬಹುಮಂದಿಗೆ ಹಗುರವೇ ಆಗುತ್ತದೆ. ಕೇಳುವ ಭಾಷೆ ಯಾವುದೆಂಬುದೂ ಈ ಗಡಿನಾಡಿನಲ್ಲಿ ಸಣ್ಣ ವಿಷಯವಲ್ಲ. ಮರಾಠಿಯಲ್ಲೋ ಕೊಂಕಣಿಯಲ್ಲೋ ಅಳುವವನನ್ನು ಕನ್ನಡದ ಮುದ್ರಿತ ನಮೂನೆಯಿಂದ ಪರೀಕ್ಷಿಸಿದರೆ ದೊರೆಯುವುದು ‘ಏನಿಲ್ಲ’ ಎಂಬ ಉತ್ತರವೊಂದೇ. (ಭಾಷೆಯ ಹೆಸರಿನಲ್ಲಿ ಇಷ್ಟೊಂದು ಹೋರಾಡಿದ ಈ ನಗರ, ಈ ಒಂದು ಉಪಯೋಗಕ್ಕಾದರೂ ಕನ್ನಡ, ಮರಾಠಿ ಎರಡೂ ನುಡಿಗಳನ್ನು ಜೊತೆಯಾಗಿ ಕೂಡಿಸಲಿ.)

ನಿಜವನ್ನು ಮುಚ್ಚಿಡುವುದಕ್ಕೆ ಮತ್ತೊಂದು ಕಾರಣ ಪೊಲೀಸರ ಭಯ. ‘ಎಂಎಲ್‌ಸಿ’ (ಮೆಡಿಕೋ-ಲೀಗಲ್ ಕೇಸ್) ಎಂಬ ಮೂರಕ್ಷರ ಕೇಳಿದೊಡನೆ ಮನೆಯವರು ‘ಕಾಲು ಜಾರಿ ಬಿದ್ದರು, ತಪ್ಪಿ ಕುಡಿದರು’ ಎಂದುಬಿಡುತ್ತಾರೆ. ವಾರ್ಡಿಗೆ ಅಪಾಯದ ಸುಳಿವೇ ಸಿಗದು. 1860ರ ದಂಡಸಂಹಿತೆಯ 309ನೆಯ ಕಲಮು ಇಂಥವರನ್ನು ಅಪರಾಧಿಗಳೆಂದೇ ಎಣಿಸಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಮು, ಇವರು ತೀವ್ರ ಮನಃಕ್ಲೇಶದಲ್ಲಿದ್ದರೆಂದು ಭಾವಿಸಿ ಶಿಕ್ಷೆಗೆ ಬದಲು ಆರೈಕೆ, ಚಿಕಿತ್ಸೆ, ಪುನರ್ವಸತಿಗಳನ್ನು ನೀಡುವುದು ಸರ್ಕಾರದ ಕರ್ತವ್ಯವೆಂದಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮಿಗೆ ಸ್ಥಾನವಿಲ್ಲ, ಸರ್ಕಾರಿ ನೌಕರರನ್ನು ಒತ್ತಾಯಪಡಿಸಲು ಮಾಡುವ ಯತ್ನ ಮಾತ್ರ ಅಲ್ಲಿ ಅಪರಾಧವಾಗಿ ಉಳಿದಿದೆ. ಈ ಸುದ್ದಿ ಖಾನಾಪುರದ ಹಳ್ಳಿಗಳಿಗೆ ಇನ್ನೂ ತಲುಪಬೇಕಾಗಿದೆ. 2017ರ ಅದೇ ಕಾಯ್ದೆ, ಸಿಬ್ಬಂದಿಯ ಕೊರತೆಯನ್ನೇ ನೆಪವಾಗಿಸಿ ರೋಗಿಯನ್ನು ಕಟ್ಟಿಹಾಕಕೂಡದೆಂದೂ ವಿಧಿಸಿದೆ, ಕಾಯುವುದೆಂದರೆ ಬಂಧಿಸುವುದಲ್ಲ.

ಹಾಗಾದರೆ ಮಾಡಬೇಕಾದುದೇನು? ಅಪಾಯದಲ್ಲಿರುವವನ ಮಂಚ ಸಿಸ್ಟರರ ಮೇಜಿನ ಎದುರಿಗಿರಬೇಕು. ಡ್ಯೂಟಿ ಬದಲಾಗುವಾಗ ಅವನ ಹೆಸರನ್ನು ಬಾಯಿಬಿಟ್ಟು ಹೇಳಿಯೇ ಒಪ್ಪಿಸಬೇಕು. ಔಷಧಗಳನ್ನು ತಲೆದಿಂಬಿನ ಬಳಿ ಬಿಡದೆ ಸಿಸ್ಟರರೇ ಕೊಡಬೇಕು. ಬಂಧುಗಳಿಗೆ ಎರಡು ಭಾಷೆಗಳಲ್ಲಿ ಬರೆದ ಸೂಚನೆ ದೊರೆಯಬೇಕು, ಅವರು ಓಡಾಡುವ ಹೊತ್ತಿನಲ್ಲಿ ಆಸ್ಪತ್ರೆಯ ಒಬ್ಬರು ಅಲ್ಲಿ ಕೂರಬೇಕು. ಕೋಟಿಗಟ್ಟಲೆಯ ಕಟ್ಟಡವೇನೂ ಇದಕ್ಕೆ ಬೇಕಿಲ್ಲ, ಅಧೀಕ್ಷಕರ ಒಂದು ಆಜ್ಞೆ ಸಾಕು.

ಮನೋವೈದ್ಯರ ಅಭಾವವೆಂಬ ಸಮಾಧಾನವನ್ನು ನಾವು ಬಹುಕಾಲದಿಂದ ಕೇಳುತ್ತಿದ್ದೇವೆ. ಆದರೆ ಮನಸ್ಸಿನ ಚಿಕಿತ್ಸೆಯನ್ನು ಸಾಮಾನ್ಯ ವೈದ್ಯರ ಕೈಗೂ ತಲುಪಿಸಬಹುದೆಂಬುದನ್ನು ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿಯೇ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು. 1996ರಲ್ಲಿ ಆರಂಭವಾದ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳುಹಿಸುವ ‘ಮನೋಚೈತನ್ಯ’ ಯೋಜನೆಯೂ ನಮ್ಮದೇ. ಒಳ್ಳೆಯದು; ಆದರೆ ವಿಷಾದವು ಮಂಗಳವಾರವನ್ನು ಕಾದು ಬರುವುದಿಲ್ಲ.

ಡಿಸ್ಚಾರ್ಜಿನ ಅನಂತರದ ದಿನಗಳು ಇನ್ನೂ ಸೂಕ್ಷ್ಮವಾದವು. ವಿಶ್ವ ಆರೋಗ್ಯ ಸಂಸ್ಥೆಯು ಚೆನ್ನೈಯೂ ಸೇರಿದಂತೆ ಐದು ದೇಶಗಳ ಐದು ಊರುಗಳಲ್ಲಿ, ಆತ್ಮಹತ್ಯಾ ಯತ್ನದ ಬಳಿಕ ಆಸ್ಪತ್ರೆಗೆ ಬಂದ 1,867 ಜನರ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಗಂಟೆಯ ಆಪ್ತ ಸಂಭಾಷಣೆಯೂ 18 ತಿಂಗಳಲ್ಲಿ ಒಂಬತ್ತು ಬಾರಿ ಫೋನಿನ ಅಥವಾ ಭೇಟಿಯ ವಿಚಾರಣೆಯೂ ದೊರೆತವರಲ್ಲಿ ಆತ್ಮಹತ್ಯೆಯಿಂದ ಸತ್ತವರು ಶೇಕಡಾ 0.2, ರೂಢಿಯ ಚಿಕಿತ್ಸೆ ಮಾತ್ರ ದೊರೆತವರಲ್ಲಿ ಶೇಕಡಾ 2.2. ಒಂಬತ್ತು ಸಲ ‘ಹೇಗಿದ್ದೀರಿ?’ ಎಂದು ಕೇಳುವುದು ಕಣಕುಂಬಿಯ ಆಶಾ ಕಾರ್ಯಕರ್ತೆಗೂ ಅಸಾಧ್ಯವಾದ ವಿದ್ಯೆಯಲ್ಲ. ಡಿಸ್ಚಾರ್ಜಿನ ದಿನವೇ ಆಸ್ಪತ್ರೆಯವರು ರೋಗಿಯ ಒಪ್ಪಿಗೆ ಪಡೆದು ಆಕೆಗೆ ತಿಳಿಸಬೇಕು.

ಬೆಳಗಾವಿಯ ಆಸ್ಪತ್ರೆಗಳ ಅಧಿಕಾರಿಗಳು ಈ ಆಜ್ಞೆಯನ್ನು ಇದೇ ತಿಂಗಳು ಹೊರಡಿಸಲೆಂದು ಕೋರುತ್ತೇನೆ. ಈಗಾಗಲೇ ಯಾವ ವಾರ್ಡಿನಲ್ಲಾದರೂ ತಮ್ಮವರ ಪಕ್ಕದಲ್ಲಿ ಕುಳಿತು ಕಳವಳಗೊಂಡಿರುವ ಓದುಗರು, ಅಥವಾ ಸ್ವತಃ ಮನಸ್ಸು ಕುಸಿದವರು, ಮುಂಜಾವಿನವರೆಗೆ ಕಾಯದೆ ಸಿಸ್ಟರನ್ನೋ ಡ್ಯೂಟಿ ಡಾಕ್ಟರನ್ನೋ ಕರೆಯಲಿ. ‘ಟೆಲಿ ಮಾನಸ್’ ಸಹಾಯವಾಣಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಹಗಲಿರುಳು ಶುಲ್ಕವಿಲ್ಲದೆ ದೊರೆಯುತ್ತದೆ, ಅದರ ಸಂಖ್ಯೆ 14416.