ಸ್ನೇಹವೂ ಯಕೃತ್ತೂ

ಸಂಸ್ಕೃತದಲ್ಲಿ ‘ಸ್ನೇಹ’ವೆಂಬ ಶಬ್ದಕ್ಕೆ ಪ್ರೀತಿಯೆಂದೂ ಎಣ್ಣೆ ತುಪ್ಪಗಳ ಜಿಡ್ಡೆಂದೂ ಎರಡರ್ಥಗಳುಂಟು. ಎರಡೂ ಮಿತಿಮೀರಲಾಗದೆಂದು ತರಗತಿಯಲ್ಲಿ ಬಾಲಕರಿಗೆ ಎಷ್ಟೋ ಸಲ ಹೇಳಿದ ನಾವು ನಮ್ಮ ಅಡಿಗೆಮನೆಯಲ್ಲಿ ಮಾತ್ರ ಅದನ್ನು ಮರೆತಿದ್ದೆವು.

ಕಳೆದ ದೀಪಾವಳಿಯಲ್ಲಿ ಚಕ್ಕುಲಿ ಕರಿದು ಉಳಿದ ಎಣ್ಣೆಯನ್ನು ಚೆಲ್ಲಕೂಡದೆಂದು ಜಾಡಿಯಲ್ಲಿ ತುಂಬಿಡಿಸಿದವರು ನಾವೇ. ತಿಂಗಳು ಕಳೆದ ಮೇಲೆ ಸೊಸೆಯು ಅದನ್ನು ಮೂಸಿ ನೋಡಿ, “ಮಾವ, ಇದು ಕಮಟು ಹಿಡಿದಿದೆ” ಎಂದಳು. ನಾವು ಆಕೆಗೆ ಮಿತವ್ಯಯದ ಮಹಿಮೆಯನ್ನು ಬೋಧಿಸಿದೆವು. ಅದೇ ವಾರ ಬೇರೊಂದು ನಿಮಿತ್ತವಾಗಿ ನಡೆದ ಪರೀಕ್ಷೆಯಲ್ಲಿ, ನಮ್ಮ ಯಕೃತ್ತಿನಲ್ಲಿ ಕೊಬ್ಬು ಸೇರಿದೆಯೆಂದು ವೈದ್ಯರು ತಿಳಿಸಿದರು. ಮದ್ಯವನ್ನು ಎಂದೂ ಮುಟ್ಟದ ನಮಗೆ ಇದರಿಂದ ವಿಸ್ಮಯವೂ ಭಯವೂ ಉಂಟಾದುವು. ಆ ಜಾಡಿಯೇ ಕಾರಣವೆಂದು ಹೇಳಲಾಗದು. ಆದರೂ ಜಾಡಿಯಲ್ಲಿ ನಡೆದುದಕ್ಕೂ ಯಕೃತ್ತಿನಲ್ಲಿ ನಡೆಯಬಹುದಾದುದಕ್ಕೂ ಹತ್ತಿರದ ನಂಟುಂಟೆಂಬುದು ಓದಿದ ಮೇಲೆ ತಿಳಿಯಿತು.

ಗಾಳಿಯಲ್ಲಿನ ಆಮ್ಲಜನಕವು ಎಣ್ಣೆಯ ಕೊಬ್ಬಿನ ಅಣುಗಳನ್ನು ಹಿಡಿಯುವುದರಿಂದ ಎಣ್ಣೆ ಕಮಟಾಗುತ್ತದೆ. ಕೆಟ್ಟ ಅಣುವು ನೆರೆಯ ಅಣುವನ್ನೂ ಕೆಡಿಸುತ್ತ ಹೋಗುತ್ತದೆ. ಸುಮಾರು ಒಂದೂವರೆ ಕಿಲೋ ತೂಗುವ ಯಕೃತ್ತು ಹಗಲಿರುಳೂ ಕೊಬ್ಬನ್ನು ದಹಿಸುವ ಅಂಗವಷ್ಟೆ. ಆ ಕಾರ್ಯದಲ್ಲಿ ಆಮ್ಲಜನಕದ ಉಗ್ರಕಣಗಳು ಒಲೆಯ ಕಿಡಿಗಳಂತೆ ಹುಟ್ಟುತ್ತವೆ. ಅವನ್ನು ನಂದಿಸುವ ಶಕ್ತಿ ಸಾಲದೆ ಹೋದಾಗ ಜೀವಕೋಶಗಳ ಪೊರೆಯಲ್ಲಿರುವ ಕೊಬ್ಬೇ ಕಮಟಾಗತೊಡಗುತ್ತದೆ. ಈ ಸ್ಥಿತಿಗೆ ‘ಆಕ್ಸಿಡೇಟಿವ್ ಸ್ಟ್ರೆಸ್’ ಎಂಬ ಹೆಸರನ್ನು ಜರ್ಮನಿಯ ಹೆಲ್ಮುಟ್ ಸೀಸ್ ಎಂಬ ವಿದ್ವಾಂಸರು 1985ರಲ್ಲಿ ರೂಢಿಗೆ ತಂದರು.

ಈ ಕಿಡಿಗಳನ್ನು ನಂದಿಸುವುವು ಯಾವುವು? ವಿಟಮಿನ್ ಇ ಇಲ್ಲದ ಒಂದು ಬಗೆಯ ಆಹಾರವನ್ನು ತಿಂದ ಇಲಿಗಳು ಯಕೃತ್ತು ನಾಶವಾಗಿ ಸಾಯುತ್ತಿದ್ದುವು. ಆ ಆಹಾರಕ್ಕೆ ಸೆಲೆನಿಯಮ್ ಎಂಬ ಧಾತುವನ್ನು ಅತ್ಯಲ್ಪವಾಗಿ ಬೆರೆಸಿದರೆ ಯಕೃತ್ತು ಉಳಿಯುವುದೆಂದು ಕ್ಲೌಸ್ ಶ್ವಾರ್ಟ್ಸ್ ಎಂಬವರು ಅಮೆರಿಕೆಯಲ್ಲಿ 1957ರಲ್ಲಿ ತೋರಿಸಿದರು. ಅದರ ಗುಟ್ಟು 1973ರಲ್ಲಿ ಬಯಲಾಯಿತು: ಕಮಟಿನ ವಿಷವನ್ನು ಅಳಿಸುವ ಒಂದು ಕಿಣ್ವಕ್ಕೆ ಸೆಲೆನಿಯಮ್ಮೇ ಆಧಾರ. ವಿಟಮಿನ್ ಇ ಪೊರೆಯಲ್ಲಿಯೇ ಕಾವಲಿದ್ದು ಸರಪಳಿಯನ್ನು ತುಂಡರಿಸುತ್ತದೆ. ಈ ಕಾವಲುಗಾರನು ಎಣ್ಣೆಯಲ್ಲಿಯೂ ಸ್ವಭಾವತಃ ಇರುತ್ತಾನೆ. ಆದರೆ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಂತೆಲ್ಲ ನಾಶವಾಗುತ್ತಾನೆ.

ಸೂರ್ಯಕಾಂತಿ, ಕುಸುಬೆಗಳ ಎಣ್ಣೆ ಕಾಯಿಸಿದಾಗ ಬೇಗ ಕೆಡುವುದು. ತೆಂಗಿನೆಣ್ಣೆ, ತುಪ್ಪಗಳು ಹೆಚ್ಚು ತಾಳುವುವು. ಹಾಗಾದರೆ ತುಪ್ಪವನ್ನೇ ಧಾರಾಳವಾಗಿ ಸುರಿದುಕೊಳ್ಳಬಹುದೆ? ಸ್ವೀಡನ್ನಿನಲ್ಲಿ 39 ಮಂದಿ ತರುಣರಿಗೆ ಏಳು ವಾರ ಹೆಚ್ಚುವರಿಯಾಗಿ ಕೇಕು ತಿನ್ನಿಸಿದ ಪ್ರಯೋಗವೊಂದು 2014ರಲ್ಲಿ ಪ್ರಕಟವಾಯಿತು. ಕೆಲವರ ಕೇಕಿನಲ್ಲಿ ತಾಳೆಯೆಣ್ಣೆ, ಉಳಿದವರದರಲ್ಲಿ ಸೂರ್ಯಕಾಂತಿಯೆಣ್ಣೆ. ಮೈತೂಕ ಇಬ್ಬಣದವರಲ್ಲಿಯೂ ಸಮನಾಗಿ ಏರಿದರೂ, ಯಕೃತ್ತಿನ ಕೊಬ್ಬು ತಾಳೆಯೆಣ್ಣೆಯವರಲ್ಲಿಯೇ ಬಹಳ ಹೆಚ್ಚಿತು. ಬಾಣಲೆಯಲ್ಲಿ ತಾಳುವ ಜಿಡ್ಡು ಯಕೃತ್ತಿಗೂ ಹಿತವೆಂದು ಭಾವಿಸಬಾರದು.

ವಿಟಮಿನ್ ಇ ಗುಳಿಗೆಯನ್ನೇ ನುಂಗಿದರಾಯಿತೆಂದು ನಾವೂ ಯೋಚಿಸಿದೆವು. ಕೊಬ್ಬಿನಿಂದ ಯಕೃತ್ತು ಉರಿಯೂತಗೊಂಡಿದ್ದ, ಮಧುಮೇಹವಿಲ್ಲದ ರೋಗಿಗಳಲ್ಲಿ ನಡೆದ ಪರೀಕ್ಷೆಯ ಫಲ 2010ರಲ್ಲಿ ಹೊರಬಂತು: ಗುಳಿಗೆ ಪಡೆದವರಲ್ಲಿ ನೂರಕ್ಕೆ 43 ಮಂದಿಗೂ, ಹುಸಿಗುಳಿಗೆಯವರಲ್ಲಿ 19 ಮಂದಿಗೂ ಗುಣ ಕಂಡಿತು. ಆದರೆ ಆರೋಗ್ಯವಂತ ಪುರುಷರು ವರ್ಷಗಟ್ಟಲೆ ಅದನ್ನು ನುಂಗಿದ ಮತ್ತೊಂದು ಪರೀಕ್ಷೆಯಲ್ಲಿ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು ನೂರಕ್ಕೆ 17ರಷ್ಟು ಹೆಚ್ಚಿತೆಂದು 2011ರಲ್ಲಿ ತಿಳಿದುಬಂತು. ಆದಕಾರಣ ವೈದ್ಯರು ಹೇಳದೆ ಅದನ್ನು ಕೊಳ್ಳಲಾಗದು.

ಗೃಹಸ್ಥರು ಮಾಡಬಹುದಾದುದು ಸರಳವಾಗಿದೆ. ಕರಿಯುವುದು ಹಬ್ಬಕ್ಕಿರಲಿ, ಬೇಕಾದಷ್ಟೇ ಎಣ್ಣೆಯನ್ನು ಬಾಣಲೆಗೆ ಹಾಕಲಿ, ಜಾಡಿಯನ್ನು ಮುಚ್ಚಿ ಬೆಳಕು ತಾಗದೆಡೆ ಇಡಲಿ. ಕಡಲೆಕಾಯಿ, ಸೊಪ್ಪು, ನೆಲ್ಲಿಕಾಯಿಗಳು ಎಲೆಯ ಮೇಲೆ ತಪ್ಪದಿರಲಿ. ಎಲ್ಲಕ್ಕಿಂತ ಮಿಗಿಲಾಗಿ, ಹೆಚ್ಚಿದ ಮೈತೂಕ ಇಳಿದರೆ ಯಕೃತ್ತಿನ ಕೊಬ್ಬೂ ಇಳಿಯುವುದು.

ನಾವೀಗ ಪ್ರತಿದಿನ ಬೆಳಿಗ್ಗೆ ನಡೆಯುತ್ತೇವೆ. ಆ ಜಾಡಿಯನ್ನು ನಮ್ಮ ಕೈಯಾರೆ ಬರಿದುಮಾಡಿ, ತೊಳೆದು, ಸೊಸೆಯ ಮುಂದಿಟ್ಟೆವು. ಆಕೆ ಏನೂ ಆಡದೆ ಅದರಲ್ಲಿ ನೆಲ್ಲಿಕಾಯಿ ತುಂಬಿದಳು.